ಕೂಪು ರಸ್ತೆಯ ಬಾಯಲ್ಲಿ ಒಂದು ಕಟ್ಟೆ

ನಮ್ಮ ಓಣಿಗೆ ಯಾವ ಗಾಡಿ ಬಂದು ನಿಂತರೂ ನನ್ನ ಕಣ್ಣು ಮೊದಲು ಹೋಗುವುದು ಟಯರಿನ ಕಡೆಗೆ. ಸಂದಿಯಲ್ಲಿ ಕೂತ ಮಣ್ಣು ಕೆಂಪೋ ಕಪ್ಪೋ, ಹಸಿಯೋ ಒಣಗಿದ್ದೋ, ಎಲೆಗಿಲೆ ಸಿಕ್ಕಿಕೊಂಡಿದೆಯೋ ಎಂದು ನೋಡದಿದ್ದರೆ ಸಮಾಧಾನವಿಲ್ಲ. ಮೊನ್ನೆ ಗ್ಯಾಸ್ ಸಿಲಿಂಡರ್ ತಂದವನ ಆಟೋವನ್ನು ಹೀಗೇ ಬಗ್ಗಿ ನೋಡುತ್ತಿದ್ದೆ. "ಏನ್ ಕಳ್ಕೊಂಡ್ರಿ ಅಜ್ಜಾ?" ಎಂದು ಆತ ಕೇಳಿದ. ಅವರು ನೌಕರಿಯಿಂದ ಮಾತ್ರ ರಿಟೈರ್ ಆಗಿದ್ದಾರೆ, ಅನುಮಾನದಿಂದ ಆಗಿಲ್ಲ ಎಂದು ನನ್ನ ಹೆಂಡತಿ ಒಳಗಿನಿಂದಲೇ ಹೇಳಿದಳು.

ಅವಳ ಮಾತು ಸುಳ್ಳಲ್ಲ. ನಾನು ರಹಮತ್, ಶಿವಮೊಗ್ಗದಲ್ಲಿ ಕಾಡಿನ ಇಲಾಖೆಯ ಜೀಪು ಓಡಿಸಿದವನು. ಮರಗಳ್ಳರನ್ನು ಹಿಡಿಯಲೆಂದು ಇದ್ದ ಸಣ್ಣ ದಳವೊಂದರಲ್ಲಿ ತೊಂಬತ್ತರ ದಶಕವೆಲ್ಲ ಕಳೆದೆ. ಈಗ ಅದೇ ಕೆಲಸಕ್ಕೆ ಸೇರುವ ಹುಡುಗರು ಕೆಲವರು ಬಂದು, ಆಗ ಹೇಗಿತ್ತು ಹೇಳಿ ಎನ್ನುತ್ತಾರೆ. ಅವರಿಗಾಗಿ ಇದನ್ನು ಬರೆದಿಡುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವಾಗ ಬರಲಿಲ್ಲ ಎಂಬ ಪುರಾಣ ಇದರಲ್ಲಿಲ್ಲ.

ಕೂಪು ಎಂದರೆ ಹಿಂದೆ ಮರ ಕಡಿಯಲು ಗುರುತು ಹಾಕಿ ಹರಾಜು ಮಾಡುತ್ತಿದ್ದ ಕಾಡಿನ ತುಂಡು. ಕಡಿದ ದಿಮ್ಮಿ ಸಾಗಿಸಲು ಕಂಟ್ರಾಕ್ಟರುಗಳು ಒಳಗೆ ಲಾರಿ ಹೋಗುವಷ್ಟು ಮಣ್ಣಿನ ದಾರಿ ಮಾಡಿಕೊಳ್ಳುತ್ತಿದ್ದರು. ಅದೇ ಕೂಪು ರಸ್ತೆ. ನಾನು ಜೀಪು ಹತ್ತುವ ಹೊತ್ತಿಗೆ ಕೂಪಿನ ಕಡಿತ ನಿಂತುಹೋಗಿತ್ತು, ರಸ್ತೆಗಳು ಮಾತ್ರ ಉಳಿದಿದ್ದವು. ಕೆಲವನ್ನು ಲಂಟಾನ ನುಂಗಿತ್ತು, ಕೆಲವಕ್ಕೆ ಅಡ್ಡವಾಗಿ ಬಿದಿರು ಬಿದ್ದಿತ್ತು, ಕೆಲವು ಮೇಲ್ನೋಟಕ್ಕೆ ಸತ್ತಂತೆ ಕಂಡರೂ ಒಳಗೊಳಗೇ ಜೀವಂತ ಇದ್ದವು. ಯಾವ ರಸ್ತೆ ಎಲ್ಲಿಗೆ ಹೋಗಿ ಸೇರುತ್ತದೆ, ಯಾವುದರಲ್ಲಿ ಇನ್ನೂ ಕಳ್ಳ ಲಾರಿ ಓಡಾಡುತ್ತದೆ ಎಂದು ಜೀಪಿನಲ್ಲಿ ಹೊಕ್ಕು ಹುಡುಕುವುದೇ ನಮ್ಮ ಕೆಲಸ.

ಈಗಿನವರಿಗೆ ಮೊಬೈಲಿನಲ್ಲಿ ದಾರಿ ಕಾಣುತ್ತದೆ. ನಮಗೆ ಜೇಡರ ಬಲೆ ಹೇಳುತ್ತಿತ್ತು. ರಸ್ತೆಗೆ ಅಡ್ಡಲಾಗಿ ನೇಯ್ದ ಬಲೆ ಹರಿಯದೆ ಇದ್ದರೆ ಬೆಳಿಗ್ಗೆಯಿಂದ ಆ ಕಡೆ ಯಾರೂ ಹೋಗಿಲ್ಲ. ಗುಂಡಿಯ ನೀರು ಕದಡಿದ್ದರೆ ಯಾರೋ ಈಗಷ್ಟೇ ಹೋಗಿದ್ದಾರೆ, ಬೇಗ ಗೇರು ಬದಲಾಯಿಸಿ. ಹಳ್ಳ ಸಿಕ್ಕಿದರೆ ಮೊದಲು ಇಳಿದು ಕಾಲಲ್ಲಿ ದಾಟಿ, ಆಮೇಲೆ ಜೀಪು ಇಳಿಸಿ. ಸ್ಟೇರಿಂಗಿನ ಒಳಗೆ ಹೆಬ್ಬೆರಳು ಸುತ್ತಿ ಹಿಡಿಯಬೇಡಿ. ಕಲ್ಲಿಗೆ ಚಕ್ರ ಬಡಿದಾಗ ಸ್ಟೇರಿಂಗ್ ತನ್ನಷ್ಟಕ್ಕೆ ತಿರುಗುತ್ತದೆ, ಬೆರಳು ಹೋಗುತ್ತದೆ. ನನ್ನ ಎಡಗೈ ಹೆಬ್ಬೆರಳು ಇವತ್ತಿಗೂ ನೆಟ್ಟಗಿಲ್ಲ.

ಅನುಮಾನ ಅತಿಯಾದರೆ ಏನಾಗುತ್ತದೆ ಎಂಬುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ನನ್ನ ಮೊದಲಿನ ಸಾಹೇಬರು ಜೀಪು ಹೊರಟ ತಕ್ಷಣ ನಿದ್ದೆ ಹೋಗುತ್ತಿದ್ದರು, ಎಚ್ಚರವಾದಾಗ ಎದುರಿಗೆ ಕಂಡ ಗಾಡಿಯನ್ನು ಹಿಡಿಯಲು ಹೇಳುತ್ತಿದ್ದರು. ಒಮ್ಮೆ ತ್ಯಾವರೆಕೊಪ್ಪದ ಹತ್ತಿರ ಟಾರ್ಪಾಲು ಬಿಗಿದ ಟೆಂಪೋ ಒಂದು ನಮ್ಮನ್ನು ಕಂಡು ಜೋರಾಗಿ ಓಡಿತು. ಬೆನ್ನಟ್ಟಿ ಅಡ್ಡ ಹಾಕಿದೆವು. ಟಾರ್ಪಾಲು ಬಿಚ್ಚಿಸಿದರೆ ಒಳಗೆ ಶಾಮಿಯಾನದ ಗಳ, ಅನ್ನದ ಹಂಡೆ, ಹಿಟ್ಟಿನ ಮೂಟೆ. ಮದುವೆಮನೆಗೆ ತಡವಾಗಿದೆ ಎಂದು ಡ್ರೈವರ್ ಓಡಿಸಿದ್ದನಂತೆ. ಸಾಹೇಬರು ಅದನ್ನೂ ನಂಬದೆ ಹಂಡೆಗಳನ್ನೆಲ್ಲ ಇಳಿಸಿ ತಡಕಿಸಿದರು. ಕೊನೆಗೆ ಅಡುಗೆ ಭಟ್ಟರು ರಸ್ತೆಯಲ್ಲೇ ನಿಂತು, "ಹುಡ್ಗಿ ಕಡೆಯವರು ಹಸ್ಕೊಂಡು ಕೂತಿದಾರೆ. ಈಗ ನೀವೇ ಬಂದು ತರಕಾರಿ ಹೆಚ್ಚಿ" ಅಂದರು. ನಾವು ನಿಜಕ್ಕೂ ಹೋಗಿ ಹೆಚ್ಚಿದೆವು. ಆ ಮದುವೆಯಲ್ಲಿ ಬೀನ್ಸ್ ಕತ್ತರಿಸಿದ ಖಾಕಿ ಬಟ್ಟೆಯವರು ನಾವೇ.

ಆ ಸಾಹೇಬರು ವರ್ಗವಾಗಿ ಹೋದ ಮೇಲೆ ಬಂದವರು ಬೇರೆ ತರಹ. ಕಟ್ಟುನಿಟ್ಟಿನ ಮನುಷ್ಯ, ಯಾರ ಮನೆಯ ಒಂದು ಲೋಟ ಕಾಫಿಯೂ ಕುಡಿಯರು. ದೇವರಲ್ಲಿ ಭಕ್ತಿ ಬಹಳ. ದಳದಲ್ಲಿ ನಿತ್ಯ ಕಾಡಿಗೆ ಹೋಗುತ್ತಿದ್ದವರು ಮೂವರು, ಸಾಹೇಬರು, ನಾನು ಮತ್ತು ಗಾರ್ಡ್ ಹಾಲೇಶಪ್ಪ. ಹಾಲೇಶಪ್ಪ ಹೊಳೆಹೊನ್ನೂರಿನ ಕಡೆಯವನು, ನನ್ನ ವಯಸ್ಸಿನವನೇ. ಅವನ ಮನೆಯ ರೊಟ್ಟಿ ನನಗೆ, ನಮ್ಮ ಮನೆಯ ನಿಂಬೆಕಾಯಿ ಉಪ್ಪಿನಕಾಯಿ ಅವನಿಗೆ. ವರ್ಷಗಟ್ಟಲೆ ಹೀಗೇ ನಡೆದಿತ್ತು.

ಆಯನೂರಿನಿಂದ ಆಚೆ ಟಾರು ರಸ್ತೆ ಬಿಟ್ಟು ಕೂಪು ರಸ್ತೆ ಒಳಗೆ ತಿರುಗುವ ಜಾಗದಲ್ಲಿ ಒಂದು ಮತ್ತಿ ಮರ, ಅದರ ಬುಡಕ್ಕೆ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಕುಂಕುಮ ಹಚ್ಚಿದ ಒಂದು ಗುಂಡು ಕಲ್ಲು. ಅದು ಅಮ್ಮ. ಕೂಪಿನ ಕಾಲದಲ್ಲಿ ಲಾರಿ ಡ್ರೈವರುಗಳು ಹಾಕಿಕೊಂಡ ಪದ್ಧತಿಯೊಂದು ಅಲ್ಲಿತ್ತು. ಒಳಗೆ ಹೋಗುವವರು ಒಂದು ಹಸಿ ಸೊಪ್ಪಿನ ಟೊಂಗೆ ಮುರಿದು ಅಮ್ಮನ ಮುಂದೆ ಇಡಬೇಕು. ಕ್ಷೇಮವಾಗಿ ಹೊರಗೆ ಬಂದಾಗ ಆ ಟೊಂಗೆಯನ್ನು ಎತ್ತಿ ಕಟ್ಟೆಯ ಹಿಂದಕ್ಕೆ ಹಾಕಿ ಕೈಮುಗಿದು ಹೋಗಬೇಕು. ನಮ್ಮ ಸಾಬರ ಡ್ರೈವರುಗಳೂ ಇಡುತ್ತಿದ್ದರು. ಬ್ರೇಕ್ ಯಾವಾಗ ಕೈಕೊಡುತ್ತದೋ ಗೊತ್ತಿಲ್ಲದ ದಾರಿಯಲ್ಲಿ ಯಾವ ಡ್ರೈವರೂ ಜಾತಿ ಹಿಡಿದುಕೊಂಡು ಕೂರುವುದಿಲ್ಲ. ಹೊಸ ಸಾಹೇಬರಿಗೆ ಈ ಪದ್ಧತಿ ಬಹಳ ಹಿಡಿಸಿತು. ಟೊಂಗೆ ಇಡದೆ ಒಂದು ದಿನವೂ ಅವರು ಒಳಗೆ ಕಾಲಿಡಲಿಲ್ಲ.

ಆ ಕೂಪಿನೊಳಗೆ ನಮಗೆ ಒಂದರ ಹಿಂದೆ ಒಂದು ಹೊಸದಾಗಿ ಕಡಿದ ಮರದ ಹಸಿ ಮೋಟುಗಳು ಸಿಗತೊಡಗಿದವು. ಬೀಟೆ, ಸಾಗುವಾನಿ, ಒಳ್ಳೊಳ್ಳೆಯ ಮರಗಳೇ. ಕಡಿದ ದಿಮ್ಮಿಗಳನ್ನು ರಸ್ತೆಯ ಪಕ್ಕ ಸೊಪ್ಪು ಮುಚ್ಚಿ ಅಡಗಿಸಿಟ್ಟಿರುತ್ತಿದ್ದರು. ಅವನ್ನು ಒಯ್ಯಲು ಲಾರಿ ಬರಲೇಬೇಕು, ಲಾರಿ ಓಡುವ ರಸ್ತೆ ಅದೊಂದೇ. ಸಾಹೇಬರು ಕಾದು ಹಿಡಿಯೋಣ ಎಂದರು. ಬೆಳಿಗ್ಗೆ ಒಳಗೆ ಹೋಗಿ ಜೀಪನ್ನು ಬಿದಿರು ಮೆಳೆಯ ಹಿಂದೆ ನಿಲ್ಲಿಸಿ, ಸಂಜೆಯವರೆಗೆ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಒಳಗೆ ಹೋಗಿದ್ದು ಗೊತ್ತಾಗಬಾರದೆಂದು ಹಾಲೇಶಪ್ಪ ರಸ್ತೆಯ ಬಾಯಿಂದ ಬಹುದೂರದವರೆಗೆ ನಮ್ಮ ಟಯರ್ ಗುರುತನ್ನು ಸೊಪ್ಪಿನ ಪೊರಕೆಯಿಂದ ಗುಡಿಸಿಕೊಂಡು ಬರುತ್ತಿದ್ದ. ಲಾರಿ ಬರಲಿಲ್ಲ. ನಾವು ಹೋಗದ ದಿನ ದಿಮ್ಮಿಗಳು ಮಾಯವಾಗುತ್ತಿದ್ದವು. ಒಮ್ಮೆ ಆಗಿದ್ದರೆ ಅದೃಷ್ಟ ಎನ್ನಬಹುದಿತ್ತು. ಪ್ರತಿ ಸಲವೂ ಹೀಗೇ ಆಯಿತು.

ನಾವು ಒಳಗಿರುವ ಸುದ್ದಿ ಯಾರೋ ಕೊಡುತ್ತಿದ್ದಾರೆ ಎಂದು ಸಾಹೇಬರು ತೀರ್ಮಾನ ಮಾಡಿದರು. ನಾನೂ ಅದನ್ನೇ ನಂಬಿದ್ದೆ. ಎಲ್ಲಿಗೆ ಹೋಗುವುದೆಂದು ಅವರು ಊರು ದಾಟಿದ ಮೇಲೆಯೇ ಹೇಳತೊಡಗಿದರು. ದಾರಿಯಲ್ಲಿ ಚಹಾಕ್ಕೆ ನಿಲ್ಲುವುದು ಬಂದ್ ಆಯಿತು. ಆಮೇಲೆ ಒಂದು ಸಂಜೆ, ಜೀಪಿನ ಕೀಲಿಯನ್ನು ಇನ್ನು ಮೇಲೆ ತಮ್ಮ ಕೈಗೇ ಕೊಟ್ಟು ಹೋಗಬೇಕು ಎಂದರು. ಅಷ್ಟು ವರ್ಷ ಆ ಕೀಲಿ ನನ್ನ ಸೊಂಟದಲ್ಲೇ ಇರುತ್ತಿತ್ತು. ಕೊಟ್ಟು ಮನೆಗೆ ಹೊರಟಾಗ ಬಟ್ಟೆ ಬಿಚ್ಚಿಸಿ ಕಳಿಸಿದ ಹಾಗೆ ಅನಿಸಿತು.

ನನ್ನ ಮೇಲೆ ಕಣ್ಣು ಬೀಳಲು ಕಾರಣವಿತ್ತು. ನನ್ನ ಹೆಂಡತಿಯ ತಮ್ಮ ಸಲೀಂ ಭದ್ರಾವತಿಯಲ್ಲಿ ಒಂದು ಸಾಮಿಲ್ಲಿನಲ್ಲಿ ಮರ ಕೊಯ್ಯುವ ಕೆಲಸ ಮಾಡುತ್ತಿದ್ದ. ಇದನ್ನು ಸಾಹೇಬರಿಗೆ ಯಾರೋ ತಲುಪಿಸಿದ್ದರು. ಅದು ಹಾಲೇಶಪ್ಪನೇ ಎಂದು ನನಗೆ ಗಟ್ಟಿಯಾಯಿತು, ಏಕೆಂದರೆ ಸಲೀಂನ ವಿಚಾರ ಅಲ್ಲಿ ಗೊತ್ತಿದ್ದವನು ಅವನೊಬ್ಬನೇ. ನಾನೂ ಅವನನ್ನು ಗಮನಿಸತೊಡಗಿದೆ. ಪೆಟ್ರೋಲ್ ಬಂಕಿನ ಪಕ್ಕದ ಅಂಗಡಿಯಲ್ಲಿ ಎಲೆಅಡಿಕೆ ಕಟ್ಟಿಸಲು ಅವನಿಗೆ ಅಷ್ಟು ಹೊತ್ತು ಯಾಕೆ ಬೇಕು? ಅಂಗಡಿಯವನ ಕಿವಿಯಲ್ಲಿ ಏನು ಹೇಳುತ್ತಾನೆ? ಅವನೂ ನನ್ನನ್ನು ಹಾಗೆಯೇ ನೋಡುತ್ತಿದ್ದ. ಒಂದು ದಿನ ಅವನು ರೊಟ್ಟಿಯ ಗಂಟನ್ನು ತನ್ನ ಕಡೆಗೇ ತಿರುಗಿಸಿಕೊಂಡು ಉಂಡ. ನಾನೂ ಉಪ್ಪಿನಕಾಯಿಯ ಡಬ್ಬಿ ತೆಗೆಯಲಿಲ್ಲ.

ಆಮೇಲೆ ಸಾಹೇಬರು ನೇರವಾಗಿಯೇ ಹೇಳಿದರು. "ನೋಡ್ರಿ ರಹಮತ್, ಇನ್ನೊಂದ್ ಸಲ ಹೀಗಾದ್ರೆ ನಿಮ್ಮನ್ನ ಜೀಪಿಂದ ಇಳಿಸಿ ವಿಚಾರಣೆಗೆ ಬರೀತೀನಿ. ಆಮೇಲೆ ನನ್ನನ್ನ ಬೈಕೋಬೇಡಿ." ಅವರ ದನಿಯಲ್ಲಿ ಕೋಪವಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ವಿಚಾರಣೆ ಮುಗಿದು ತಪ್ಪಿಲ್ಲವೆಂದಾದರೂ ಕಳ್ಳರ ಡ್ರೈವರ್ ಎಂಬ ಹೆಸರು ಓಣಿಯಲ್ಲಿ ಉಳಿದುಬಿಡುತ್ತದೆ. ನಮ್ಮಂಥವರಿಗೆ ಇರುವುದೇ ಆ ಒಂದು ಹೆಸರು.

ಆ ಭಾನುವಾರ ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಸಲೀಂ ಮಿಲ್ಲಿನ ಹೊರಗೆ ಮೈಮೇಲಿನ ಮರದ ಹೊಟ್ಟು ಕೊಡವುತ್ತ ಕೂತಿದ್ದ. ನಾನು ನಮ್ಮ ಭಾಷೆಯಲ್ಲಿ ಸುತ್ತಿಬಳಸಿ ಕೇಳಿದೆ, ಈ ಕಡೆ ಆಯನೂರು ಕಾಡಿನ ಮರ ಬರುತ್ತದೆಯೇ, ನಮ್ಮ ಜೀಪಿನ ಬಗ್ಗೆ ಯಾರಾದರೂ ಅವನನ್ನು ಕೇಳಿದ್ದರೇ ಎಂದು. ಅವನು ಎದ್ದು ಮಿಲ್ಲಿನ ಗೇಟು ಪೂರ್ತಿ ತೆರೆದ. ಬೇಕೆಂದೇ ಕನ್ನಡದಲ್ಲಿ, ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ, "ಬನ್ನಿ ಸಾರ್, ಒಳಗೆ ಬಂದು ನೋಡ್ಕೊಳ್ಳಿ. ಒಂದೊಂದ್ ತುಂಡೂ ತಿರುಗಿಸಿ ನೋಡಿ" ಅಂದ. ಭಾವ ಎನ್ನುವವನು ನನ್ನನ್ನು ಸಾರ್ ಅಂದ. ನಾನು ಚಹಾ ಕುಡಿಯದೆ ವಾಪಸು ಬಂದೆ. ವಿಷಯ ತಿಳಿದು ನನ್ನ ಹೆಂಡತಿ ಬಹಳ ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಇದಾಗಿ ಸ್ವಲ್ಪ ದಿನಕ್ಕೆ ಮತ್ತೆ ಕೂಪಿನೊಳಗೆ ಕಾಯಲು ಹೋದೆವು. ಅಮ್ಮನ ಮುಂದೆ ಟೊಂಗೆ ಇಟ್ಟು, ಗುರುತು ಗುಡಿಸಿ, ಒಳಗೆ ಹೋಗುವಾಗ ಜೀಪಿನ ಫ್ಯಾನ್ ಬೆಲ್ಟ್ ತುಂಡಾಯಿತು. ಬೆಲ್ಟ್ ತರಲು ಯಾರಾದರೂ ಆಯನೂರಿಗೆ ಹೋಗಲೇಬೇಕು. ನನ್ನೊಬ್ಬನನ್ನು ಕಳಿಸಿದರೆ ನಾನು ಕಳ್ಳರಿಗೆ ಸುದ್ದಿ ಮುಟ್ಟಿಸಿಬಿಡಬಹುದು. ಹಾಲೇಶಪ್ಪನೊಬ್ಬನನ್ನು ಕಳಿಸಿದರೆ ಅವನೂ ಹಾಗೇ. ಸಾಹೇಬರು ಇಬ್ಬರ ಮುಖವನ್ನೂ ನೋಡಿ, "ಇಬ್ರೂ ಹೋಗ್ರಿ, ನಾನು ಜೀಪ್ ಹತ್ರ ಇರ್ತೀನಿ" ಎಂದರು. ಒಬ್ಬರನ್ನೊಬ್ಬರು ಕಾಯಲಿ ಎಂಬ ಲೆಕ್ಕಾಚಾರ. ಆನೆ ತಿರುಗುವ ಕಾಡಿನಲ್ಲಿ ಕೆಟ್ಟ ಜೀಪಿನ ಹತ್ತಿರ ಒಬ್ಬರೇ ಕೂರಲು ತಯಾರಾದರು, ನಮ್ಮಿಬ್ಬರಲ್ಲಿ ಒಬ್ಬರನ್ನು ನಂಬಲು ತಯಾರಾಗಲಿಲ್ಲ.

ನಾವಿಬ್ಬರೂ ನಡೆದು ರಸ್ತೆಯ ಬಾಯಿಗೆ ಬಂದೆವು. ಬಿಸಿಲು ಜೋರಾಗಿತ್ತು. ಟಾರು ರಸ್ತೆಯ ಆಚೆ ಬದಿಗೆ ಪೊದೆಯ ಹಿಂದೆ ನೆರಳಿತ್ತು. ಅಲ್ಲಿ ಬಸ್ಸಿಗೆ ಕಾಯುತ್ತ ಕೂತೆವು, ನಡುವೆ ಇನ್ನೊಬ್ಬ ಕೂರುವಷ್ಟು ಜಾಗ ಬಿಟ್ಟುಕೊಂಡು.

ಬಸ್ಸಿಗಿಂತ ಮೊದಲು ಒಂದು ಖಾಲಿ ಲಾರಿ ಬಂತು. ಕಟ್ಟೆಯ ಹತ್ತಿರ ಬಂದಾಗ ನಿಧಾನವಾಯಿತು. ಕ್ಲೀನರ್ ಬಾಗಿಲಿನಿಂದ ಅರ್ಧ ಮೈ ಹೊರಗೆ ಚಾಚಿ ಅಮ್ಮನ ಕಡೆ ನೋಡಿದ. ಕೈಮುಗಿಯುತ್ತಾನೆ ಅಂದುಕೊಂಡೆ. ಅವನು ಮುಗಿಯಲಿಲ್ಲ. ಟೊಂಗೆಯನ್ನು ನೋಡಿದ, ಬಾಗಿಲ ಮೇಲೆ ಎರಡು ಸಲ ಬಡಿದ. ಒಳಗೆ ತಿರುಗಲೆಂದು ಮೂತಿ ಹೊರಳಿಸಿದ್ದ ಲಾರಿ ಮತ್ತೆ ನೆಟ್ಟಗಾಗಿ ಸಾಗರದ ಕಡೆಗೆ ಹೊರಟುಹೋಯಿತು.

ನಾನು ಕಟ್ಟೆಯನ್ನೇ ನೋಡುತ್ತ ಕೂತೆ. ಅಮ್ಮನ ಮುಂದೆ ಹಸಿ ಟೊಂಗೆ ಇದೆ ಎಂದರೆ ಒಳಗೆ ಹೋದವರು ಇನ್ನೂ ಹೊರಗೆ ಬಂದಿಲ್ಲ. ಕೂಪು ನಿಂತ ಮೇಲೆ ಆ ರಸ್ತೆಯೊಳಗೆ ಭಕ್ತಿಯಿಂದ ಟೊಂಗೆ ಇಟ್ಟು ಹೋಗುವವರು ನಾವು ಬಿಟ್ಟರೆ ಇನ್ಯಾರು? ಟಯರಿನ ಗುರುತನ್ನು ಗುಡಿಸಿ ಗುಡಿಸಿ ಅಳಿಸಿ, ನಾವು ಒಳಗಿದ್ದೇವೆ ಎಂದು ರಸ್ತೆಯ ಬಾಯಲ್ಲೇ ಹೇಳಿಟ್ಟು ಹೋಗುತ್ತಿದ್ದೆವು. ಸುದ್ದಿ ಕೊಡುತ್ತಿದ್ದವರು ನಾವೇ.

ಹಾಲೇಶಪ್ಪ ನನ್ನ ಕಡೆ ತಿರುಗಿದ. ಅವನಿಗೂ ಹೊಳೆದಿತ್ತು. "ಥೂ ಮಾರಾಯ" ಎಂದು ಮೆಲ್ಲಗೆ ಅಂದ. ಆಮೇಲೆ ಸೊಂಟದ ಚೀಲ ಬಿಚ್ಚಿ ಎಲೆಗೆ ಸುಣ್ಣ ಹಚ್ಚಿ, ಮೊದಲು ನನ್ನ ಕೈಗೆ ಕೊಟ್ಟ. ಸಲೀಂನ ವಿಚಾರ ಸಾಹೇಬರಿಗೆ ಹೇಳಿದ್ದು ನೀನೇನಾ ಎಂದು ಕೇಳಿದೆ. ಹೌದು ಎಂದ, ನೆಲ ನೋಡುತ್ತ. ನಿನ್ನ ಎಲೆಅಡಿಕೆ ಅಂಗಡಿಯವನ ಬಗ್ಗೆ ನಾನೂ ಅವರಿಗೆ ಹೇಳಿದ್ದೆ ಎಂದೆ. ಇಬ್ಬರಿಗೂ ನಗು ಬಂತು, ಜೊತೆಗೆ ನಾಚಿಕೆಯೂ ಆಯಿತು.

ಇದನ್ನು ಸಾಹೇಬರಿಗೆ ಹೇಳುವವರು ಯಾರು? ನಾನು ಹೇಳಲಾರೆ. ಮೊದಲೇ ಅನುಮಾನದ ಮನುಷ್ಯ, ಅದರ ಮೇಲೆ ಸಾಬರವನು, ತನ್ನ ಮೇಲಿನ ತಪ್ಪನ್ನು ಅಮ್ಮನ ತಲೆಗೆ ಕಟ್ಟುತ್ತಿದ್ದಾನೆ ಎಂದರೆ ಏನು ಉತ್ತರ ಕೊಡಲಿ? ಹಾಲೇಶಪ್ಪನಿಗೂ ಅದು ಅರ್ಥವಾಯಿತು. "ನೀವು ಬಾಯಿ ಬಿಡಬೇಡಿ ಸಾಬ್ರೇ. ನಾನ್ ಹೇಳ್ತೀನಿ" ಎಂದ.

ಬೆಲ್ಟ್ ತಂದ ಮೇಲೆ ಅವನು ಹೇಳಿದಾಗ ಸಾಹೇಬರ ಮುಖ ಕೆಂಪಾಯಿತು. ನೀವಿಬ್ಬರೂ ಸೇರಿ ಕಟ್ಟಿದ ಕಥೆ ಇರಬೇಕು ಎಂದರು. ನಮ್ಮನ್ನು ಜೋಡಿ ಮಾಡಿ ಕಳಿಸಿದ್ದು ಅವರೇ ಎಂಬುದನ್ನು ಮರೆತಿದ್ದರು. ಒಂದು ಸಲ ಟೊಂಗೆ ಇಡದೆ ಕಾದು ನೋಡೋಣ ಎಂದ ಹಾಲೇಶಪ್ಪ. ಅದು ಮಾತ್ರ ಆಗದು ಎಂದರು ಸಾಹೇಬರು. ಅಮ್ಮನಿಗೆ ಹೇಳದೆ ಒಳಗೆ ಹೋಗಿ ನಮಗೇನಾದರೂ ಆದರೆ ಮೂರು ಮನೆಯವರಿಗೆ ತಾವು ಉತ್ತರ ಕೊಡಬೇಕು ಎಂದರು. ಅವರ ಭಯ ನಿಜವಾದದ್ದೇ, ಅದರಲ್ಲಿ ನಾಟಕವಿರಲಿಲ್ಲ. ಆಗ ನಾನು ಬಾಯಿ ಬಿಟ್ಟೆ. "ಟೊಂಗೆ ಜೀಪಲ್ಲೇ ಇಟ್ಕೊಂಡು ಹೋಗೋಣ ಸಾರ್. ಕಾಡೆಲ್ಲಾ ಅಮ್ಮಂದೇ ಅಲ್ವಾ?"

ಅವರು ನನ್ನನ್ನು ಬಹಳ ಹೊತ್ತು ನೋಡಿದರು.

ಮುಂದಿನ ಸಲ ಹೊರಟಾಗ ಅವರು ಟೊಂಗೆಯನ್ನು ಮುರಿದು, ಕಣ್ಣಿಗೆ ಒತ್ತಿಕೊಂಡು, ಸ್ಟೇರಿಂಗಿನ ಮುಂದಿನ ಹಲಗೆಯ ಮೇಲೆ ಇಟ್ಟರು. ಕಟ್ಟೆ ಬರಿದಾಗಿತ್ತು. ಹಾಲೇಶಪ್ಪ ಗುರುತು ಗುಡಿಸಿದ. ಊಟದ ಹೊತ್ತಿಗೆ ಲಾರಿಯ ಸದ್ದು ಕೇಳಿತು.

ಲಾರಿ ನಾವಿದ್ದ ಮೆಳೆಯವರೆಗೂ ಬರದೆ, ರಸ್ತೆಯ ಬಾಯಿಯ ಕಡೆಗೇ ದಿಮ್ಮಿಗಳ ಹತ್ತಿರ ನಿಂತಿತು. ದಿಮ್ಮಿ ತುಂಬುವ ಸದ್ದು ಮುಗಿಯುವವರೆಗೂ ಕಾದೆವು. ಅದು ಹೊರಟ ಸದ್ದು ಕೇಳಿದಾಗ ನಾನು ಜೀಪು ಎಬ್ಬಿಸಿದೆ. ರಸ್ತೆಯಲ್ಲಿ ಹಿಂದೆ ಬಿದ್ದರೆ ಪ್ರಯೋಜನವಿಲ್ಲ, ಅವರು ದಿಮ್ಮಿ ಉರುಳಿಸಿ ದಾರಿ ಮುಚ್ಚುತ್ತಾರೆ. ಎಡಕ್ಕೆ ಒಂದು ಸತ್ತ ಕೂಪು ರಸ್ತೆಯಿತ್ತು. ಹಳ್ಳಕ್ಕೆ ಇಳಿದು, ಲಾರಿಗಿಂತ ಮುಂದೆ, ಮೋರಿಯ ಹತ್ತಿರ ಮತ್ತೆ ಅದೇ ಲಾರಿ ರಸ್ತೆಗೆ ಸೇರುತ್ತಿತ್ತು. ನಾಲ್ಕೂ ಚಕ್ರಕ್ಕೆ ಗೇರು ಹಾಕಿ, ಲಂಟಾನದೊಳಗೆ ಜೀಪನ್ನು ನುಗ್ಗಿಸಿದೆ. ಮುಳ್ಳಿನ ಕೊಂಬೆಗಳು ಗಾಜಿಗೆ ಬಡಿದವು, ಹಳ್ಳದಲ್ಲಿ ಒಂದು ಚಕ್ರ ಗಾಳಿಯಲ್ಲಿ ತಿರುಗಿತು, ಸಾಹೇಬರು ಒಂದು ಕೈಯಲ್ಲಿ ಬಾಗಿಲನ್ನೂ ಇನ್ನೊಂದರಲ್ಲಿ ಟೊಂಗೆಯನ್ನೂ ಹಿಡಿದುಕೊಂಡಿದ್ದರು. ಮೋರಿಯ ಮೇಲೆ ಜೀಪನ್ನು ಅಡ್ಡ ನಿಲ್ಲಿಸಿ ಎಂಜಿನ್ ಆರಿಸಿದಾಗ ಲಾರಿ ಎದುರಿನ ತಿರುವಿನಲ್ಲಿತ್ತು.

ಡ್ರೈವರ್ ಓಡಲಿಲ್ಲ. ವಯಸ್ಸಾದವನು, ಬಹುಶಃ ಕೂಪಿನ ಕಾಲದಿಂದಲೂ ಆ ದಾರಿ ಬಲ್ಲವನು. ಇಳಿದು ಬಂದು, ನಮ್ಮ ಸಾಹೇಬರನ್ನು ನೋಡಿ, ಮೋಸ ಹೋದವನ ದನಿಯಲ್ಲಿ ಕೇಳಿದ: "ಏನ್ ಸಾರ್, ಅಮ್ಮನ ಮುಂದೆ ಸೊಪ್ಪು ಇಡದೇ ಒಳಗೆ ಬಂದ್ರಾ?"

ಹೊರಗೆ ಬಂದ ಮೇಲೆ ಸಾಹೇಬರು ಆ ಟೊಂಗೆಯನ್ನು ಕಟ್ಟೆಯ ಹಿಂದಕ್ಕೆ ತಾವೇ ಹಾಕಿ, ಬಹಳ ಹೊತ್ತು ಕೈಮುಗಿದು ನಿಂತಿದ್ದರು.

ಸಲೀಂನ ಮನೆಗೆ ಮಿಠಾಯಿ ತೆಗೆದುಕೊಂಡು ಹೋದೆ. ಅವನು ತೆಗೆದುಕೊಂಡ, ಭಾವ ಎಂದೂ ಕರೆದ. ಆದರೆ ಇವತ್ತಿಗೂ ನಾನು ಭದ್ರಾವತಿಗೆ ಹೋದರೆ, ಮೊದಲು ಕೊಟ್ಟಿಗೇಲಿ ಕದ್ದ ಮರ ಇದೆಯಾ ನೋಡ್ಕೊಂಡು ಬನ್ನಿ ಭಾವ, ಆಮೇಲೆ ಊಟ ಮಾಡೋಣ ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ, ಆದರೆ ಪ್ರತಿ ಸಲವೂ ಚುಚ್ಚುತ್ತದೆ.

ಲಾರಿ ಸಿಕ್ಕಿದ ಮರುದಿನ ಬೆಳಿಗ್ಗೆ ಜೀಪು ಒರೆಸಲು ಹೋದಾಗ ಕೀಲಿ ನನ್ನ ಸೀಟಿನ ಮೇಲಿತ್ತು. ಸ್ವಲ್ಪ ಹೊತ್ತಿಗೆ ಸಾಹೇಬರು ಬಂದು ಪಕ್ಕದಲ್ಲಿ ಕೂತರು. ಹಾಲೇಶಪ್ಪ ಹಿಂದೆ ಹತ್ತಿದ. ನಾನು ಎಂದಿನಂತೆ, ಊರು ದಾಟಿದ ಮೇಲೆ ಹೇಳುತ್ತಾರೆ ಎಂದುಕೊಂಡು ಗೇಟಿನ ಕಡೆಗೆ ಹೊರಡಿಸಿದೆ.

"ಇವತ್ತು ಯಾವ ಕಡೆ ಹೋಗೋಣ, ನೀವೇ ಹೇಳಿ ರಹಮತ್" ಎಂದರು.

ನನ್ನ ಕಾಲು ಬ್ರೇಕಿನ ಮೇಲೆ ಹೋಯಿತು. ಇದೇನು ಹೊಸ ಪರೀಕ್ಷೆ? ಉಂಬ್ಳೇಬೈಲು ಎನ್ನಲೇ? ಅಲ್ಲಿ ಏನೂ ಸಿಗದಿದ್ದರೆ ಬೇಕೆಂದೇ ಕರೆದುಕೊಂಡು ಬಂದ ಎನ್ನುತ್ತಾರೆ. ಆಯನೂರು ಎನ್ನಲೇ? ಅಲ್ಲಿ ಏನಾದರೂ ಸಿಕ್ಕಿದರೆ ಇವನಿಗೆ ಹೇಗೆ ಗೊತ್ತಿತ್ತು ಎನ್ನುತ್ತಾರೆ. ಕನ್ನಡಿಯಲ್ಲಿ ಹಾಲೇಶಪ್ಪನ ಮುಖ ನೋಡಿದೆ. ಅವನು ನಗುತ್ತಿದ್ದ. ಅದೂ ಯಾಕೆ ಎಂದು ತಿಳಿಯಲಿಲ್ಲ.

"ನೀವೇ ಹೇಳಿ ಸಾರ್" ಎಂದೆ.

ಸಾಹೇಬರು ಸ್ವಲ್ಪ ಹೊತ್ತು ನನ್ನ ಕಡೆ ನೋಡಿದರು. ಆಮೇಲೆ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡರು. ಅಂಥ ಮನುಷ್ಯನಿಗೆ ತಪ್ಪಾಯಿತು ಎನ್ನಲು ಬರುವುದಿಲ್ಲ, ಹಾಗೆನ್ನಲೆಂದೇ ಅವರು ಆ ಮಾತು ಕೇಳಿದ್ದರು ಎಂಬುದು ನನಗೆ ಹೊಳೆದಾಗ ಅವರು ನಿವೃತ್ತರಾಗಿ ಊರು ಬಿಟ್ಟು ಹೋಗಿದ್ದರು. ಅವತ್ತು ಮಾತ್ರ ಜೀಪು ಗೇಟು ದಾಟಿ, ಊರು ದಾಟಿ, ಬಹಳ ದೂರ ಹೋಯಿತು. ತ್ಯಾವರೆಕೊಪ್ಪ ಹಿಂದೆ ಬಿದ್ದ ಮೇಲೆ ಅವರು, "ನೆಟ್ಟಗೆ ನಡೀರಿ" ಎಂದರು. ನಾನು ನೆಟ್ಟಗೆ ನಡೆಸಿದೆ.